ಚಳಿ ಕಂಡು ಬಿತ್ತಿ: ಹಿತ್ತಲಲ್ಲಿ ವಟಾಣಿ ಬೆಳೆಯುವ ಬಗೆ

ಪೇಟೆಯಲ್ಲಿ ಹಸಿ ವಟಾಣಿ ಅಗ್ಗವಾದಾಗಲೇ ನಮಗೆಲ್ಲ ಅದನ್ನು ಮನೆಯಲ್ಲಿ ಬೆಳೆಯುವ ಆಸೆ ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಅದನ್ನು ಬಿತ್ತುವ ಕಾಲ ಮುಗಿದಿರುತ್ತದೆ. ನನಗೂ ಮೊದಲ ಸಲ ಹಾಗೆಯೇ ಆಯಿತು. ಜನವರಿ ಕೊನೆಯಲ್ಲಿ ರಾಮದುರ್ಗದ ಪೇಟೆಯಿಂದ ತಂದ ಕಾಯಿಗಳನ್ನು ಸುಲಿಯುತ್ತಾ ಕೂತಿದ್ದಾಗ, ಚೆನ್ನಾಗಿ ಬಲಿತಿದ್ದ ಹಿಡಿಯಷ್ಟು ಕಾಳನ್ನು ಬೇರೆ ತೆಗೆದಿಟ್ಟೆ. ಸಾಲಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಎರಡು ಹಳೆಯ ಬಕೆಟ್ಟುಗಳಿಗೆ ಮಣ್ಣು ತುಂಬಿ ಊರಿದೆ. ಅರ್ಧ ಕೊಳೆತವು, ಉಳಿದರ್ಧ ಮೊಳೆತವು. ಗೇಣುದ್ದ ಬೆಳೆದು ನಾಲ್ಕು ಬಿಳಿ ಹೂ ಬಿಟ್ಟವು. ಮಾರ್ಚಿನ ಬಿಸಿಲಿಗೆ ಹೂಗಳು ಉದುರಿ, ಎಲೆಗಳ ಮೇಲೆ ಬೂದಿ ಬಳಿದಂತಾಗಿ, ಗಿಡಗಳು ನಿಂತಲ್ಲೇ ಒಣಗಿದವು. ಒಂದೇ ಒಂದು ಕಾಯಿ ಸಿಗಲಿಲ್ಲ. ಪಕ್ಕದ ಹೊಲದ ಹಿರಿಯರು ಗೋಡೆಯಾಚೆಯಿಂದ ಇಣುಕಿ, "ಏನವಾ, ನಾವು ಕಡ್ಲಿ ಕಿತ್ತು ರಾಶಿ ಮಾಡಾಕತ್ತೇವಿ, ನೀ ಈಗ ವಟಾಣಿ ಊರಾಕತ್ತಿ?" ಎಂದು ನಕ್ಕರು.

ಆ ಮಾತಿನಲ್ಲಿ ಅರ್ಧ ಕೃಷಿ ವಿಜ್ಞಾನವಿತ್ತು. ವಟಾಣಿ ಕಡಲೆಯ ದಾಯಾದಿ. ಎರಡೂ ಚಳಿಯ ಬೆಳೆಗಳು. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿಗೆ ಕಡಲೆ ಬೀಳುವ ಹೊತ್ತೇ ಹಿತ್ತಲಿನ ವಟಾಣಿಯ ಹೊತ್ತು. ಬೇರೆ ಏನು ಮರೆತರೂ ಈ ಒಂದು ಮಾತನ್ನು ನೆನಪಿಡಿ. ಮಣ್ಣು, ಗೊಬ್ಬರ, ನೀರುಗಳಲ್ಲಿ ಆದ ಸಣ್ಣಪುಟ್ಟ ತಪ್ಪನ್ನು ವಟಾಣಿ ಕ್ಷಮಿಸುತ್ತದೆ, ಕಾಲ ತಪ್ಪಿದರೆ ಕ್ಷಮಿಸುವುದಿಲ್ಲ.

ಕಾರಣ ಸರಳವಾದದ್ದು. ಮೊಳಕೆಯೊಡೆಯಲು ವಟಾಣಿಗೆ ಹೆಚ್ಚು ಬಿಸಿ ಬೇಡ. ಗಿಡ ಬೆಳೆಯಲು 10ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದಕ್ಕೆ ಹಬ್ಬ. ಹೂ ಬಿಟ್ಟ ಸಮಯದಲ್ಲಿ ದಿನವೂ 30 ಡಿಗ್ರಿ ದಾಟತೊಡಗಿದರೆ ಹೂ ಉದುರುತ್ತದೆ, ಕಟ್ಟಿದ ಕಾಯಿಯಲ್ಲೂ ಕಾಳು ತುಂಬುವುದಿಲ್ಲ. ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆ ಅಂಥ ತಂಪು ಸಿಗುವುದು ನವೆಂಬರ್‌ನಿಂದ ಜನವರಿಯವರೆಗೆ ಮಾತ್ರ, ಅದೂ ರಾತ್ರಿ ಮತ್ತು ಮುಂಜಾನೆ. ಫೆಬ್ರವರಿ ಅರ್ಧ ಕಳೆಯುವಷ್ಟರಲ್ಲಿ ಬಿಸಿಲು ಬಲಿಯುತ್ತದೆ. ಆದ್ದರಿಂದ ಹೂ ಬಿಡುವುದು, ಕಾಯಿ ಕಟ್ಟುವುದು ಎರಡೂ ಡಿಸೆಂಬರ್-ಜನವರಿಯಲ್ಲಿ ಮುಗಿಯುವಂತೆ ಹಿಂದಕ್ಕೆ ಲೆಕ್ಕ ಹಾಕಬೇಕು. ಬೇಗ ಬರುವ ತಳಿಗೆ ಬಿತ್ತಿದಂದಿನಿಂದ ಮೊದಲ ಕೊಯ್ಲಿಗೆ ಸುಮಾರು 60 ದಿನ ಬೇಕು. ಹಾಗಾಗಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ಒಂದು ತಿಂಗಳು ಬಿತ್ತನೆಗೆ ಒಳ್ಳೆಯದು. ಜೋರು ಮಳೆ ನಿಂತಿರಬೇಕು, ರಾತ್ರಿ ಹೊದಿಕೆ ಬೇಕೆನಿಸತೊಡಗಿರಬೇಕು. ಡಿಸೆಂಬರ್ ಮೊದಲ ವಾರದಲ್ಲಿ ಬಿತ್ತಿದರೂ ಒಂದಿಷ್ಟು ಸಿಗುತ್ತದೆ. ಆಮೇಲೆ ಬಿತ್ತುವ ಬದಲು ಆ ಕುಂಡದಲ್ಲಿ ಬೇರೆ ಏನಾದರೂ ಹಾಕಿ.

ನಮ್ಮ ಮನೆಗಳಲ್ಲಿ ಒಂದು ಅಭ್ಯಾಸವಿದೆ: "ಹೋದ ವರ್ಷ ರಮಝಾನ್ ಆದ ಮೇಲೆ ಹಾಕಿದ್ದೆ, ಚೆನ್ನಾಗಿ ಬಂದಿತ್ತು" ಎಂದು ನೆನಪಿಡುವುದು. ಬಿತ್ತನೆಗೆ ಈ ಲೆಕ್ಕ ಕೂಡದು. ಚಂದ್ರಮಾನದ ನಮ್ಮ ವರ್ಷ ಸುಮಾರು 11 ದಿನ ಚಿಕ್ಕದು, ಹಾಗಾಗಿ ರಮಝಾನ್ ಪ್ರತಿವರ್ಷ ಅಷ್ಟು ಹಿಂದಕ್ಕೆ ಸರಿಯುತ್ತದೆ. ವಟಾಣಿ ಸೂರ್ಯನ ಲೆಕ್ಕದ ಗಿಡ. ಊರಿನ ರೈತರು ಕಡಲೆ, ಬಿಳಿಜೋಳ ಬಿತ್ತುವುದನ್ನು ನೋಡಿ, ನೀವೂ ಬಿತ್ತಿ.

ಬೆಳಗಾವಿ, ಖಾನಾಪುರದ ಕಡೆಯವರಿಗೂ ಬೆಂಗಳೂರಿನವರಿಗೂ ತಂಪು ಹೆಚ್ಚು ದಿನ ಸಿಗುವುದರಿಂದ ಹಿಂದೆಮುಂದೆ ಮಾಡಲು ಅವಕಾಶವಿದೆ. ಮಂಗಳೂರು, ಉಡುಪಿ, ಭಟ್ಕಳದ ಓದುಗರಿಗೆ ಮಾತ್ರ ನಿಜ ಹೇಳಿಬಿಡುತ್ತೇನೆ: ಕರಾವಳಿಯ ಸೆಕೆಯಲ್ಲಿ ವಟಾಣಿ ತೃಪ್ತಿ ಕೊಡುವುದಿಲ್ಲ. ಅದೇ ಜಾಗದಲ್ಲಿ ಅಲಸಂಡೆ ಹಾಕಿ. ಕುಂಡ, ಆಸರೆ, ನೀರಿನ ಬಗ್ಗೆ ಕೆಳಗೆ ಬರೆದಿರುವುದರಲ್ಲಿ ಬಹುಪಾಲು ಅದಕ್ಕೂ ಅನ್ವಯಿಸುತ್ತದೆ.

ಯಾವ ಕಾಳು ಬೀಜ, ಯಾವುದು ಅಲ್ಲ

ಮಟರ್ ಎನ್ನಿ, ವಟಾಣಿ ಎನ್ನಿ, ಬಟಾಣಿ ಎನ್ನಿ, ಮನೆಗೆ ಅದು ನಾಲ್ಕೈದು ರೂಪದಲ್ಲಿ ಬರುತ್ತದೆ. ಹೊಸಬರು ಎಡವುವುದು ಇಲ್ಲೇ. ಅಂಗಡಿಯ ಫ್ರೀಜರ್‌ನಲ್ಲಿ ಸಿಗುವ ಹಸಿರು ವಟಾಣಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ಆಮೇಲೆ ಹೆಪ್ಪುಗಟ್ಟಿಸಿರುತ್ತಾರೆ, ಅದರಲ್ಲಿ ಜೀವವಿಲ್ಲ. ಎಷ್ಟು ದಿನ ಕಾದರೂ ಮೊಳೆಯದು. ವಟಾಣಿ ಬೇಳೆ ಒಡೆದ ಕಾಳು, ಅದೂ ಮೊಳೆಯದು. ನಾನು ಮಾಡಿದಂತೆ ಪೇಟೆಯ ಹಸಿ ಕಾಯಿ ಸುಲಿದು ಊರಿದರೆ ಹೆಚ್ಚಿನವು ಕೊಳೆಯುತ್ತವೆ. ಅಡುಗೆಗೆಂದು ಎಳೆಯದಾಗಿ ಕಿತ್ತ ಕಾಳು ಅದು, ಬೀಜವಾಗಲು ಗಿಡದಲ್ಲೇ ಬಲಿತು ಒಣಗಬೇಕಿತ್ತು.

ಕಿರಾಣಿ ಅಂಗಡಿಯ ಒಣ ವಟಾಣಿ, ಅಂದರೆ ಉಸುಳಿಗೆ ನೆನೆಹಾಕುವ ಬಿಳಿ ಅಥವಾ ಹಸಿರು ಕಾಳು, ಹುಳ ಹಿಡಿಯದೆ ಹಳತಾಗದೆ ಇದ್ದರೆ ಮೊಳೆಯಬಹುದು. ಆದರೆ ಅದು ಹೊಲದ ವಟಾಣಿ. ಕಾಯಿ ಬಿಟ್ಟರೂ ಕಾಳಿನಲ್ಲಿ ಸಿಹಿ ಕಡಿಮೆ, ಹಿಟ್ಟು ಹೆಚ್ಚು. ಎರಡನ್ನೂ ಕಣ್ಣಿನಿಂದಲೇ ಗುರುತಿಸಬಹುದು. ಹೊಲದ ವಟಾಣಿಯ ಒಣ ಕಾಳು ಗುಂಡಗೆ ನುಣ್ಣಗಿರುತ್ತದೆ. ತರಕಾರಿಗೆ ಬೆಳೆಯುವ ಸಿಹಿ ವಟಾಣಿಯ ಬೀಜ ಸುಕ್ಕುಗಟ್ಟಿರುತ್ತದೆ. ಅದರಲ್ಲಿ ಸಕ್ಕರೆ ಹೆಚ್ಚಿದ್ದು ಪಿಷ್ಟ ಕಡಿಮೆ ಇರುವುದರಿಂದ ಒಣಗುವಾಗ ಮುದುಡಿಕೊಳ್ಳುತ್ತದೆ. ಇಂದಿನ ಝೆಕ್ ದೇಶದ ಬ್ರನೋ ಪಟ್ಟಣದಲ್ಲಿ ಗ್ರೆಗರ್ ಮೆಂಡೆಲ್ 1856ರಿಂದ 1863ರವರೆಗೆ ಮಠದ ತೋಟದಲ್ಲಿ ವಟಾಣಿ ಬೆಳೆದು, ತಂದೆ-ತಾಯಿಯ ಗುಣಗಳು ಮಕ್ಕಳಿಗೆ ಹೇಗೆ ಹೋಗುತ್ತವೆ ಎಂದು ಲೆಕ್ಕ ಹಾಕಿದ್ದು ಈ ಗುಂಡು-ಸುಕ್ಕು ಕಾಳುಗಳನ್ನೇ ಎಣಿಸಿ. ನಿಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲಿ ಆ ಪಾಠವಿದೆ. ಎರಡೂ ಬಗೆಯ ಕಾಳನ್ನು ಅವರ ಅಂಗೈಯಲ್ಲಿಟ್ಟು ತೋರಿಸಿ.

ಆದ್ದರಿಂದ ಬೀಜವನ್ನು ಬೀಜವೆಂದೇ ಮಾರುವಲ್ಲಿಂದ ತನ್ನಿ. ಅರ್ಕೆಲ್ ಎಂಬುದು ಗಿಡ್ಡನೆಯ, ಬೇಗ ಬರುವ ತಳಿ. ಕುಂಡಕ್ಕೂ ಮೊದಲ ಸಲ ಬೆಳೆಯುವವರಿಗೂ ನನ್ನ ಮತ ಇದಕ್ಕೇ. ಬೋನ್‌ವಿಲ್ ಇನ್ನಷ್ಟು ಎತ್ತರ ಬೆಳೆದು ಮೂರ್ನಾಲ್ಕು ವಾರ ತಡವಾಗಿ ಬರುತ್ತದೆ, ಹಾಗಾಗಿ ನಮ್ಮ ಚಿಕ್ಕ ಚಳಿಗಾಲಕ್ಕೆ ಸ್ವಲ್ಪ ಇಕ್ಕಟ್ಟು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೂದಿ ರೋಗ ತಡೆಯುವ ಅರ್ಕಾ ಅಜಿತ್, ಸಿಪ್ಪೆ ಸಹಿತ ಇಡೀ ಕಾಯಿ ತಿನ್ನಬಹುದಾದ ಅರ್ಕಾ ಸಂಪೂರ್ಣ ಎಂಬ ತಳಿಗಳನ್ನು ಕೊಟ್ಟಿದೆ. ಮಾಹಿತಿಗೆ ನಮಗೆ ಹತ್ತಿರದವು ಬೈಲಹೊಂಗಲ ಬಳಿಯ ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಗೋಕಾಕ ಕಡೆಯ ಅರಭಾವಿಯ ತೋಟಗಾರಿಕೆ ಕಾಲೇಜು ಮತ್ತು ಧಾರವಾಡದ ಕೃಷಿ ವಿಶ್ವವಿದ್ಯಾಲಯ. ಬೀಜ ಯಾವಾಗ ಎಲ್ಲಿ ಸಿಗುತ್ತದೆಂದು ಸೆಪ್ಟೆಂಬರಿನಲ್ಲೇ ವಿಚಾರಿಸಿಕೊಳ್ಳಿ. ಚಳಿ ಬಂದ ಮೇಲೆ ಹುಡುಕಲು ಹೊರಟರೆ ಎರಡು ವಾರ ಹಾಗೇ ಕಳೆದುಹೋಗುತ್ತವೆ.

ಪಾಕೀಟಿನ ಮೇಲೆ "ಸ್ವೀಟ್ ಪೀ" ಎಂದು ಬರೆದು ಬಣ್ಣಬಣ್ಣದ ಹೂವಿನ ಚಿತ್ರವಿದ್ದರೆ ಅದು ತಿನ್ನುವ ವಟಾಣಿ ಅಲ್ಲ. ಅದು ಅಂದಕ್ಕೆ ಬೆಳೆಯುವ ಹೂಬಳ್ಳಿ, ಕಾಯಿ-ಕಾಳು ವಿಷ. ಹೆಸರಿಗೆ ಮೋಸಹೋಗಿ ಅದನ್ನು ಅಡುಗೆ ತರಕಾರಿಯ ನಡುವೆ ಬೆಳೆಸಬೇಡಿ.

ಬಣ್ಣದ ಕಾಳಿನ ವಿಷಯ

ಬೀಜದ ಕಾಳು ಕೆಲವೊಮ್ಮೆ ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣದಲ್ಲಿರುತ್ತದೆ. ಮಣ್ಣಿನಲ್ಲಿ ಕೊಳೆಯದಂತೆ ಶಿಲೀಂಧ್ರನಾಶಕ ಲೇಪಿಸಿದ್ದಾರೆ, ತಿನ್ನಬೇಡಿ ಎಂದು ಹೇಳುವ ಬಣ್ಣ ಅದು. ಅಂಥ ಬೀಜವನ್ನು ಅಡುಗೆಮನೆಯಲ್ಲಿ ಇಡಬೇಡಿ, ಅಡುಗೆ ಪಾತ್ರೆಯಲ್ಲಿ ನೆನೆಹಾಕಬೇಡಿ. ಬಿತ್ತಿ ಉಳಿದದ್ದನ್ನು ತೊಳೆದು ಬೇಯಿಸಿದರೂ ತಿನ್ನುವಂತಿಲ್ಲ, ಕೋಳಿಗೂ ಹಾಕುವಂತಿಲ್ಲ. ಬಿತ್ತಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮಕ್ಕಳ ಕೈಯಿಂದ ಬಿತ್ತಿಸುವ ಆಸೆಯಿದ್ದರೆ ಲೇಪನವಿಲ್ಲದ ಬೀಜವನ್ನು ಕೇಳಿ ತನ್ನಿ.

ಇನ್ನೊಂದು ಬಣ್ಣ ತಿನ್ನುವ ಕಾಳಿನದ್ದು. ನಾನು ಮನೆಯಲ್ಲಿ ವಟಾಣಿ ಬೆಳೆಯಲು ಹೊರಟದ್ದೇ ಇದರಿಂದ. ಒಂದು ಸಂಜೆ ಮಕ್ಕಳಿಗೆಂದು ಹಸಿರು ಒಣ ವಟಾಣಿ ನೆನೆಹಾಕಿದ್ದೆ. ಬೆಳಿಗ್ಗೆ ನೋಡಿದರೆ ನೀರು ಗಿಳಿಹಸಿರು, ಬೆರಳಿಗೂ ಬಣ್ಣ ಅಂಟಿತು. ಕಾಳನ್ನು ಚೆಲ್ಲಿದೆ. ಹಳತಾಗಿ ಮಾಸಿದ ಕಾಳಿಗೆ ಹೊಸ ಹೊಳಪು ಕೊಡಲು ಕೆಲವರು ಬಣ್ಣ ಹಾಕುತ್ತಾರೆ. ಅದರಲ್ಲಿ ಮ್ಯಾಲಕೈಟ್ ಗ್ರೀನ್ ಎಂಬುದು ಬಟ್ಟೆಗೆ ಹಾಕುವ ಬಣ್ಣ, ಆಹಾರದಲ್ಲಿ ಬಳಸಲು ಅನುಮತಿಯಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಹೇಳಿಕೊಡುವ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಪಾರದರ್ಶಕ ಗಾಜಿನ ಲೋಟದಲ್ಲಿ ಸ್ವಲ್ಪ ಕಾಳು ಹಾಕಿ, ನೀರು ಸುರಿದು ಕಲಸಿ ಅರ್ಧ ಗಂಟೆ ಬಿಡಿ. ನೀರಿಗೆ ಹಸಿರು ಇಳಿದರೆ ಆ ಕಾಳು ಬೇಡ. ಒಳ್ಳೆಯ ಕಾಳಿನ ನೀರು ತಿಳಿಯಾಗಿಯೇ ಇರುತ್ತದೆ. ಚಾಟ್ ಗಾಡಿಯ ತಟ್ಟೆಯಲ್ಲಿ ಬೆಂದ ಮೇಲೂ ಕಣ್ಣು ಕುಕ್ಕುವ ಹಸಿರು ಉಳಿದಿದ್ದರೆ ಅನುಮಾನ ಪಡಲು ಕಾರಣವಿದೆ. ನಿಜವಾದ ವಟಾಣಿ ಬೆಂದಾಗ ಬಣ್ಣ ಮಂಕಾಗುತ್ತದೆ.

ಪುಟ್ಟ ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ. ಎರಡು ಮೂರು ವರ್ಷದ ಮಕ್ಕಳು ಒಣ ಕಾಳನ್ನು ಮೂಗಿಗೆ, ಕಿವಿಗೆ ತುರುಕಿಕೊಳ್ಳುವುದು ಹೊಸ ವಿಷಯವಲ್ಲ. ಮೂಗಿನ ತೇವಕ್ಕೆ ಕಾಳು ಉಬ್ಬಿ ಬಿಗಿಯಾಗುತ್ತದೆ. ಪಿನ್ನು, ಕಡ್ಡಿ, ಚಿಮಟಗಳಿಂದ ತೆಗೆಯಲು ಹೋಗಬೇಡಿ, ಕಾಳು ಇನ್ನೂ ಒಳಗೆ ಸರಿಯುತ್ತದೆ. ನೀರನ್ನೂ ಹಾಕಬೇಡಿ. ಬೇಗ ವೈದ್ಯರ ಬಳಿ ಒಯ್ಯಿರಿ. ಉಸಿರಾಟಕ್ಕೆ ತೊಂದರೆ ಕಂಡರೆ ಒಂದು ಕ್ಷಣವೂ ತಡಮಾಡಬಾರದು. ಒಂದೇ ಮೂಗಿನ ಹೊಳ್ಳೆಯಿಂದ ದಿನಗಟ್ಟಲೆ ದುರ್ವಾಸನೆಯ ಸಿಂಬಳ ಸುರಿಯುತ್ತಿದ್ದರೆ ಅದನ್ನು ನೆಗಡಿ ಎಂದು ಬಿಡಬೇಡಿ, ಒಳಗೆ ಏನೋ ಸಿಕ್ಕಿರಬಹುದು. ಇಷ್ಟು ಚಿಕ್ಕ ಮಕ್ಕಳಿಗೆ ಬೇಯಿಸಿದ ವಟಾಣಿಯನ್ನೂ ಹಿಸುಕಿಯೇ ಕೊಡಿ.

ಮಣ್ಣು, ಬಿತ್ತನೆ, ನೀರು

ಮನೆಯಲ್ಲಿ ಒಡೆದ ಬಕೆಟ್ಟು, ಹಳೆಯ ಪ್ಲಾಸ್ಟಿಕ್ ಟಬ್ಬು, ಗೊಬ್ಬರದ ಚೀಲ ಏನಿದ್ದರೂ ನಡೆಯುತ್ತದೆ. ಒಂದು ಅಡಿಯಷ್ಟು ಆಳವಿದ್ದು, ತಳದಲ್ಲಿ ನಾಲ್ಕೈದು ತೂತುಗಳಿರಬೇಕು. ಔಷಧ, ರಾಸಾಯನಿಕ ತುಂಬಿದ್ದ ಡಬ್ಬಿ ಮಾತ್ರ ಎಷ್ಟು ತೊಳೆದರೂ ಬೇಡ.

ನಮ್ಮ ಎರೆಮಣ್ಣು ಹೊಲದಲ್ಲಿ ಬಂಗಾರ, ಕುಂಡದಲ್ಲಿ ತಲೆನೋವು. ನೀರು ಹಾಕಿದರೆ ಅಂಟು ಮುದ್ದೆ, ಒಣಗಿದರೆ ಕಲ್ಲು. ವಟಾಣಿಯ ಬೇರು ಮುದ್ದೆಯಲ್ಲಿ ಉಸಿರುಗಟ್ಟಿ ಕೊಳೆಯುತ್ತದೆ. ಎರೆಮಣ್ಣು ಒಂದು ಪಾಲು, ಉಸುಕು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಕಲಸಿ. ಗೊಬ್ಬರ ಕಪ್ಪಗೆ ಪುಡಿಪುಡಿಯಾಗಿ ಮಣ್ಣಿನ ವಾಸನೆ ಬರುವಂತಿರಬೇಕು. ಹಸಿ ಸಗಣಿ, ಹಸಿ ಕೋಳಿಗೊಬ್ಬರ ಹಾಕಿದರೆ ಬೇರು ಸುಡುತ್ತದೆ, ಜೊತೆಗೆ ರೋಗಾಣುಗಳು ತರಕಾರಿಯವರೆಗೂ ಬರುತ್ತವೆ. ಗೊಬ್ಬರ ಕಲಸುವಾಗ ಕೈಯಲ್ಲಿ ಗಾಯವಿದ್ದರೆ ಬಟ್ಟೆಯಾದರೂ ಸುತ್ತಿಕೊಳ್ಳಿ. ಮಣ್ಣು-ಸಗಣಿ ಇರುವಲ್ಲಿ ಧನುರ್ವಾಯುವಿನ ರೋಗಾಣು ಇರುತ್ತದೆ. ಧನುರ್ವಾಯು ಚುಚ್ಚುಮದ್ದು ತೆಗೆದುಕೊಂಡು ಹತ್ತು ವರ್ಷ ದಾಟಿದವರು ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕೇಳುವುದು ಒಳ್ಳೆಯದು.

ಬಿತ್ತುವ ಮೊದಲು ಬೀಜದ ಜೀವ ನೋಡಿ. ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಡಿ, ಬಟ್ಟೆ ಒಣಗದಿರಲಿ. ವಾರದೊಳಗೆ ಏಳೆಂಟು ಮೊಳೆತರೆ ಬೀಜ ಚೆನ್ನಾಗಿದೆ. ನಾಲ್ಕೈದೇ ಮೊಳೆತರೆ ಎರಡು ಪಟ್ಟು ಬಿತ್ತಿ. ಲೇಪನವಿಲ್ಲದ ಬೀಜವನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿತ್ತಬಹುದು. ಎಂಟು ತಾಸಿಗಿಂತ ಹೆಚ್ಚು ಬೇಡ, ಬಹಳ ಹೊತ್ತು ನೀರಲ್ಲಿ ಮುಳುಗಿದರೆ ಕಾಳಿಗೂ ಉಸಿರು ಕಟ್ಟುತ್ತದೆ. ಲೇಪನವಿದ್ದರೆ ನೆನೆಸದೆ ನೇರ ಬಿತ್ತಿ.

ಒಂದು ಇಂಚು ಆಳ, ಕಾಳಿನಿಂದ ಕಾಳಿಗೆ ಎರಡು ಮೂರು ಇಂಚು. ನೆಲದಲ್ಲಿ ಸಾಲು ಹಾಕುವುದಾದರೆ ಸಾಲಿನ ನಡುವೆ ಒಂದೂವರೆ ಅಡಿ ಬಿಡಿ. ಸಸಿ ಮಾಡಿ ಕಿತ್ತು ನೆಡುವ ಕೆಲಸ ಇದಕ್ಕೆ ಬೇಡ, ಬೇರು ಕದಲಿದರೆ ವಟಾಣಿ ಮುನಿಸಿಕೊಳ್ಳುತ್ತದೆ. ಬಿತ್ತಿದ ದಿನ ಮಣ್ಣು ಪೂರ್ತಿ ನೆನೆಯುವಂತೆ ನೀರು ಕೊಟ್ಟು, ಮೊಳಕೆ ಮೇಲೆ ಬರುವವರೆಗೆ ಬೆರಳಿಗೆ ತೇವ ತಾಗಿದರೆ ಸಾಕು ಎಂಬಂತೆ ಕೈ ಬಿಗಿಹಿಡಿಯಿರಿ. ಹೊಸಬರ ಬೀಜ ಸಾಯುವುದು ಹೆಚ್ಚಾಗಿ ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಆರರಿಂದ ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಆಗ ಕೋಳಿ, ಅಳಿಲು, ಗುಬ್ಬಿ, ಇಲಿಗಳಿಗೂ ಅದು ಕಾಣುತ್ತದೆ. ಎರಡು ವಾರ ಹಳೆಯ ಸೊಳ್ಳೆಪರದೆಯ ತುಂಡು ಹೊದಿಸಿ.

ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಸಾಕು. ಹೂ ಬಿಟ್ಟಾಗ ಮತ್ತು ಕಾಯಿ ತುಂಬುವಾಗ ಮಾತ್ರ ಮಣ್ಣು ಒಣಗಲು ಬಿಡಬಾರದು. ನೀರಿಗೆ ತತ್ವಾರ ಇರುವ ಮನೆಗಳಲ್ಲೂ ಇದಕ್ಕೊಂದು ದಾರಿಯಿದೆ. ವುಝೂ ಮಾಡಿದ ನೀರಿನಲ್ಲಿ ಸೋಪಿರುವುದಿಲ್ಲ. ಐದು ಹೊತ್ತಿನದನ್ನು ಒಂದು ಬೋಗುಣಿಯಲ್ಲಿ ಹಿಡಿದರೆ ನಾಲ್ಕಾರು ಕುಂಡಗಳಿಗೆ ಧಾರಾಳ. ಅದನ್ನು ಅಂದಂದೇ ಬುಡಕ್ಕೆ ಹಾಕಿ, ಎಲೆ-ಕಾಯಿಗಳ ಮೇಲೆ ಚಿಮುಕಿಸಬೇಡಿ. ಅಕ್ಕಿ, ಬೇಳೆ ತೊಳೆದ ನೀರೂ ಆಗುತ್ತದೆ. ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ಸೋಪಿನ ನೀರು, ಚರಂಡಿಯ ನೀರು ಬೇಡವೇ ಬೇಡ. ವಟಾಣಿಯನ್ನು ಮಕ್ಕಳು ಗಿಡದಿಂದ ಕಿತ್ತು ಹಸಿಯಾಗಿಯೇ ತಿನ್ನುತ್ತಾರೆ ಎಂಬುದು ನೆನಪಿರಲಿ.

ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯ ಅಂಚನ್ನು ತಿಕ್ಕಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಇಂಥ ಸ್ವಚ್ಛ ನೀರಿನ ಅಂಚಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ತರಕಾರಿ ಬೆಳೆಯಲು ಹೋಗಿ ಓಣಿಗೆಲ್ಲ ಜ್ವರ ಹಂಚುವಂತಾಗಬಾರದು. ತಟ್ಟೆಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಆಸರೆ, ಹೂವು, ಕಾಯಿ

ವಟಾಣಿ ಬಳ್ಳಿ ತುದಿಯ ಕುಡಿಗಳಿಂದ ಹಿಡಿದುಕೊಂಡು ಏರುತ್ತದೆ. ಆ ಕುಡಿಗಳು ದಾರದಷ್ಟು ತೆಳ್ಳಗೆ, ಬೆರಳಿಗಿಂತ ದಪ್ಪನೆಯ ಬಿದಿರನ್ನು ಸುತ್ತಲಾರವು. ಹೊಸಬರು ಹಣ ಕೊಟ್ಟು ಬಿದಿರ ಕೋಲು ತಂದು ನೆಟ್ಟು, ಬಳ್ಳಿ ಏಕೆ ಏರುತ್ತಿಲ್ಲ ಎಂದು ಕೂರುತ್ತಾರೆ. ನಮ್ಮೂರಲ್ಲಿ ಒಲೆಗೆಂದು ಒಟ್ಟಿಟ್ಟ ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ್ದು. ಸಣ್ಣ ಸಣ್ಣ ಕವಲುಗಳಿರುವ ಕಟ್ಟಿಗೆಯನ್ನು ತಲೆಕೆಳಗು ಮಾಡದೆ ನಾಲ್ಕೈದು ಕಡೆ ಚುಚ್ಚಿದರೆ ಗಿಡ ತಾನೇ ಹಿಡಿದುಕೊಳ್ಳುತ್ತದೆ. ಗಿಡ ನಾಲ್ಕು ಇಂಚು ಇರುವಾಗಲೇ ಚುಚ್ಚಿ, ಬೆಳೆದ ಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಗಿಡ್ಡ ತಳಿಗೂ ಎರಡು ಅಡಿ ಆಸರೆ ಕೊಡುವುದು ಒಳ್ಳೆಯದು. ನೆಲಕ್ಕೆ ಬಿದ್ದ ಕಾಯಿ ಕೊಳೆಯುತ್ತದೆ.

ಯೂರಿಯಾ ಹಾಕಬೇಡಿ. ವಟಾಣಿಯ ಬೇರಿನಲ್ಲಿ ಗಂಟುಗಳಿರುತ್ತವೆ, ಅವುಗಳಲ್ಲಿ ರೈಜೋಬಿಯಂ ಎಂಬ ಸೂಕ್ಷ್ಮಜೀವಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಯೂರಿಯಾ ಸಿಕ್ಕರೆ ಗಿಡ ಎಲೆ ಬಿಟ್ಟು ಕೊಬ್ಬುತ್ತದೆ, ಕಾಯಿ ಕಟ್ಟುವುದಿಲ್ಲ. ಕಡಲೆ ಹೊಲದ ಮಣ್ಣು ತಂದರೆ ಆ ಸೂಕ್ಷ್ಮಜೀವಿ ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಕಡಲೆಯ ಬೇರಿನದು ಬೇರೆ ಜಾತಿ, ವಟಾಣಿಯದು ಬೇರೆ. ಜೀವಾಣು ಗೊಬ್ಬರ ಕೊಳ್ಳುವಾಗ ವಟಾಣಿಗೆಂದು ಕೇಳಿ ತರಬೇಕು. ಸಿಗದಿದ್ದರೂ ತಿಪ್ಪೆಗೊಬ್ಬರದ ಬಲದಲ್ಲಿ ಕುಂಡದ ಬೆಳೆ ಬರುತ್ತದೆ.

ಐದಾರು ವಾರಕ್ಕೆ ಹೂ. ಜೇನು ಬರಲಿಲ್ಲವೆಂದು ಚಿಂತೆ ಬೇಡ, ಹೂ ಅರಳುವ ಮೊದಲೇ ಒಳಗೆ ಪರಾಗಸ್ಪರ್ಶ ಮುಗಿದಿರುತ್ತದೆ. ಒಂದೇ ಗಿಡವಿದ್ದರೂ ಕಾಯಿ ಬಿಡುತ್ತದೆ.

ಈ ಹೊತ್ತಿಗೆ ಮೂರು ತೊಂದರೆಗಳು ಬರಬಹುದು. ಎಳೆ ಚಿಗುರಿಗೆ ಹೇನು ಮುತ್ತಿದರೆ ಬರಿಯ ನೀರನ್ನು ರಭಸವಾಗಿ ಚಿಮುಕಿಸಿ ಉದುರಿಸಿ, ಕೇಳದಿದ್ದರೆ ಬೇವಿನೆಣ್ಣೆ. ಸುತ್ತಲ ಕಡಲೆ ಹೊಲಗಳ ಕಾಯಿಕೊರಕ ಹುಳು ವಟಾಣಿಗೂ ಬರುತ್ತದೆ. ಬೆಳಿಗ್ಗೆ ಕಾಯಿಗಳನ್ನು ತಿರುಗಿಸಿ ನೋಡಿ ಕೈಯಿಂದಲೇ ಆರಿಸಿ. ಹತ್ತಿಪ್ಪತ್ತು ಗಿಡಕ್ಕೆ ಅದೇನು ದೊಡ್ಡ ಕೆಲಸವಲ್ಲ. ಮೂರನೆಯದು ಬೂದಿ ರೋಗ, ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಹಗಲು ಬಿಸಿಲು, ರಾತ್ರಿ ಚಳಿ ಇರುವ ನಮ್ಮ ಹವೆ ಅದಕ್ಕೆ ಅನುಕೂಲ. ಗಿಡಗಳನ್ನು ಒತ್ತಾಗಿ ಬೆಳೆಸದೆ, ಬೆಳಗಿನ ಬಿಸಿಲು ಬೀಳುವಲ್ಲಿಟ್ಟು, ಮೊದಲು ಬೂದಿ ಕಂಡ ಎಲೆಗಳನ್ನು ಕಿತ್ತು ದೂರ ಹಾಕಿದರೆ ಕೊಯ್ಲು ಮುಗಿಯುವವರೆಗೆ ತಳ್ಳಬಹುದು. ಹೊಲಕ್ಕೆ ತಂದ ಕೀಟನಾಶಕ ಉಳಿದಿದೆಯೆಂದು ಹಿತ್ತಲಿಗೆ ಹೊಡೆಯುವವರಿದ್ದಾರೆ. ಹಾಗೆ ಮಾಡುವುದಾದರೆ ಮನೆಯಲ್ಲಿ ಬೆಳೆಯುವುದಾದರೂ ಏಕೆ?

ಹೂ ಬಿಟ್ಟು ಮೂರು ವಾರಕ್ಕೆ ಕಾಯಿ ತುಂಬುತ್ತದೆ. ಒತ್ತಿದರೆ ಒಳಗೆ ಕಾಳು ತುಂಬಿದ್ದು ಗೊತ್ತಾಗಬೇಕು, ಸಿಪ್ಪೆ ಇನ್ನೂ ಹಸಿರಾಗಿ ಹೊಳೆಯುತ್ತಿರಬೇಕು. ಸಿಪ್ಪೆ ಮಂಕಾಗಿ ಗೆರೆ ಬಿದ್ದರೆ ತಡವಾಯಿತು, ಕಾಳು ಹಿಟ್ಟಾಗಿರುತ್ತದೆ. ಒಂದು ಕೈಯಲ್ಲಿ ಬಳ್ಳಿ ಹಿಡಿದು ಇನ್ನೊಂದು ಕೈಯಲ್ಲಿ ಕೀಳಿ. ಒಂದೇ ಕೈಯಲ್ಲಿ ಎಳೆದರೆ ಬಳ್ಳಿಯೇ ಬರುತ್ತದೆ. ಎರಡು ಮೂರು ದಿನಕ್ಕೊಮ್ಮೆ ಕೀಳುತ್ತಿದ್ದರೆ ಗಿಡ ಮತ್ತೆ ಹೂ ಬಿಡುತ್ತದೆ. ಬಲಿಯಲು ಬಿಟ್ಟರೆ ತನ್ನ ಕೆಲಸ ಮುಗಿಯಿತೆಂದು ನಿಲ್ಲಿಸುತ್ತದೆ.

ಎಷ್ಟು ಸಿಗುತ್ತದೆ ಎಂದು ಮೊದಲೇ ಹೇಳಿಬಿಡುವುದು ನ್ಯಾಯ. ನನ್ನ ಕುಂಡಗಳಲ್ಲಿ ಗಿಡವೊಂದಕ್ಕೆ ಎಂಟು ಹತ್ತು ಕಾಯಿ ಬಂದವು. ಇಪ್ಪತ್ತು ಗಿಡವಿದ್ದರೆ ಇಡೀ ಕಾಲಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಕಾಯಿ, ಸುಲಿದರೆ ಅರ್ಧ ಕಿಲೋ ಕಾಳು. ಅದೂ ಒಮ್ಮೆಗೇ ಅಲ್ಲ, ಹಿಡಿ ಹಿಡಿಯಾಗಿ. ದೊಡ್ಡ ಕುಟುಂಬಕ್ಕೆ ಒಮ್ಮೆ ಮಟರ್ ಪುಲಾವಿಗೆ ಸಾಕಾಗುವಷ್ಟು ಬೇಕೆಂದರೆ ನಲವತ್ತು ಐವತ್ತು ಗಿಡ ಬೇಕು. ಪೇಟೆಯ ಖರ್ಚು ಉಳಿಸಲು ವಟಾಣಿ ಬೆಳೆಯಬೇಡಿ. ರುಚಿಗೆ ಬೆಳೆಯಿರಿ. ಕಿತ್ತ ಗಳಿಗೆಯಿಂದಲೇ ಕಾಳಿನ ಸಕ್ಕರೆ ಪಿಷ್ಟವಾಗತೊಡಗುತ್ತದೆ. ಪೇಟೆಗೆ ಬಂದು ಎರಡು ದಿನ ಕೂತ ಕಾಯಿಯಲ್ಲಿ ಆ ಸಿಹಿ ಇರುವುದಿಲ್ಲ. ತುದಿಯ ಎಳೆ ಚಿಗುರನ್ನೂ ನಾಲ್ಕು ಚಿವುಟಿ ಪಲ್ಯಕ್ಕೆ ಹಾಕಬಹುದು, ಅದು ಪೇಟೆಯಲ್ಲಿ ಸಿಗುವುದಿಲ್ಲ.

ನೂರು ಗ್ರಾಂ ಹಸಿ ವಟಾಣಿಯಲ್ಲಿ ಐದು ಗ್ರಾಂಗಿಂತ ಸ್ವಲ್ಪ ಹೆಚ್ಚು ಪ್ರೋಟೀನ್, ಅಷ್ಟೇ ನಾರು, 40 ಮಿಲಿಗ್ರಾಂನಷ್ಟು ವಿಟಮಿನ್ ಸಿ ಇರುತ್ತದೆ. ಆ ವಿಟಮಿನ್ ಉಳಿಯಬೇಕಾದರೆ ಹೆಚ್ಚು ನೀರಿನಲ್ಲಿ ಕುದಿಸಿ ನೀರು ಬಸಿಯಬೇಡಿ. ಹಸಿರು ಉಳಿಯಲೆಂದು ಅಡುಗೆ ಸೋಡಾ ಹಾಕುವುದೂ ವಿಟಮಿನ್ನಿಗೆ ಕೇಡು. ಖೀಮಾ ಆಗಲಿ ಪುಲಾವಾಗಲಿ, ಕೊನೆಯ ಐದಾರು ನಿಮಿಷಕ್ಕೆ ಹಾಕಿದರೆ ಎಳೆ ಕಾಳು ಬೇಯುತ್ತದೆ. ಸಕ್ಕರೆ ಕಾಯಿಲೆಯವರು ವಟಾಣಿಯನ್ನು ಸೊಪ್ಪಿನಂತೆ ಎಣಿಸಬಾರದು, ಅದರಲ್ಲಿ ಪಿಷ್ಟವಿದೆ. ತಟ್ಟೆಯಲ್ಲಿ ವಟಾಣಿ ಹೆಚ್ಚಿದಷ್ಟು ಅಕ್ಕಿ ಕಡಿಮೆಯಾಗಲಿ. ಮೂತ್ರಪಿಂಡದ ತೊಂದರೆಗೆ ಪಥ್ಯದಲ್ಲಿರುವವರು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಲಿ.

ಕೊಯ್ಲು ಮುಗಿದ ಮೇಲೆ ಗಿಡವನ್ನು ಬೇರುಸಹಿತ ಕೀಳದೆ ಬುಡದಲ್ಲಿ ಕತ್ತರಿಸಿ. ಒಂದನ್ನು ಮಾತ್ರ ಕಿತ್ತು ಬೇರಿನ ಗಂಟನ್ನು ಉಗುರಿನಿಂದ ಸೀಳಿ ಮಕ್ಕಳಿಗೆ ತೋರಿಸಿ. ಗಿಡ ಇನ್ನೂ ಹಸಿರಾಗಿದ್ದರೆ ಒಳಗೆ ನಸುಗೆಂಪು ಬಣ್ಣವಿರುತ್ತದೆ, ಕೆಲಸ ಮಾಡುತ್ತಿದ್ದ ಗಂಟಿನ ಗುರುತು ಅದು. ಉಳಿದ ಬೇರುಗಳು ಮಣ್ಣಲ್ಲೇ ಕಳಿಯಲಿ, ಮೇಲೆ ಮೆಂತ್ಯವನ್ನೋ ರಾಜಗಿರಿ ಸೊಪ್ಪನ್ನೋ ಉದುರಿಸಿ.

ಕತ್ತರಿಸುವ ಮೊದಲು ಎಲ್ಲಕ್ಕಿಂತ ಚೆನ್ನಾಗಿದ್ದ ಒಂದೆರಡು ಗಿಡಗಳಲ್ಲಿ ಹತ್ತು ಹದಿನೈದು ಕಾಯಿಗಳನ್ನು ಮುಟ್ಟದೆ ಬಿಟ್ಟಿರಿ. ಅಲ್ಲಾಡಿಸಿದರೆ ಗಿಲಿಗಿಲಿ ಸದ್ದು ಬರುವಷ್ಟು ಗಿಡದಲ್ಲೇ ಒಣಗಲಿ. ವಟಾಣಿ ತನ್ನ ಹೂವಿನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಆ ಬೀಜ ತಾಯಿ ಗಿಡದ ಗುಣವನ್ನೇ ತರುತ್ತದೆ, ಮತ್ತೆ ಪಾಕೀಟು ಕೊಳ್ಳಬೇಕಿಲ್ಲ. ಸುಲಿದು ನೆರಳಿನಲ್ಲಿ ವಾರ ಒಣಗಿಸಿ, ಒಣಗಿದ ಬೇವಿನೆಲೆ ಹಾಕಿ ಬಾಟಲಿಯಲ್ಲಿ ತುಂಬಿ. ಮೇಲೊಂದು ಚೀಟಿ ಅಂಟಿಸಿ ತಳಿಯ ಹೆಸರು, ತಿಂಗಳು ಬರೆಯಿರಿ. ಬಾಟಲಿ ಅಡುಗೆಮನೆಯ ಕಾಳುಗಳ ಸಾಲಿನಲ್ಲಿ ಬೇಡ, ಮಕ್ಕಳ ಕೈಗೆಟುಕದ ಅಟ್ಟದ ಮೇಲಿರಲಿ. ನಮ್ಮ ಮನೆಯದರಲ್ಲಿ ಈಗ ಅರವತ್ಮೂರು ಕಾಳುಗಳಿವೆ.